ಸೌರ ಫಲಕಕ್ಕೆ ಎಂಥ ಚೌಕಟ್ಟು ಬೇಕು?

ಮನೆಯ ಮೇಲೆ ಸೌರ ಫಲಕ ಹಾಕಿಸುವ ಆಸೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮ್ಮ ಕುಟುಂಬಗಳಲ್ಲೂ ಹುಟ್ಟಿದೆ. ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಗಿ, 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ ಮೇಲೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಎಲ್ಲರೂ ಕೇಳುವುದು ಫಲಕ ಯಾವ ಕಂಪನಿಯದು, ಎಷ್ಟು ವರ್ಷದ ಗ್ಯಾರಂಟಿ ಎಂದು. ಅದನ್ನು ಹೊತ್ತು ನಿಲ್ಲುವ ಚೌಕಟ್ಟಿನ ವಿಷಯ ಕೇಳುವವರು ಕಡಿಮೆ. ಫಲಕ 25 ವರ್ಷ ಬಾಳಬೇಕಾದರೆ ಅದರ ಕಾಲುಗಳೂ ಅಷ್ಟೇ ವರ್ಷ ನಿಲ್ಲಬೇಕಲ್ಲವೇ?

ಮೊದಲು ಗಾಳಿಯ ಮಾತು. ಈಗ ಬರುವ 540 ವ್ಯಾಟಿನ ಫಲಕ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ ಇರುತ್ತದೆ. ತೂಕ 28 ಕಿಲೋ ಆಸುಪಾಸು. ನೋಡುವವರಿಗೆ ಭಾರವೇ ದೊಡ್ಡ ತೊಂದರೆ ಎನಿಸುತ್ತದೆ, ಆದರೆ ನಿಜವಾದ ತೊಂದರೆ ಗಾಳಿ ಅದನ್ನು ಮೇಲಕ್ಕೆ ಎತ್ತುವುದು. ಕಟ್ಟಡಗಳ ಗಾಳಿ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಐಎಸ್ 875 ಎಂಬ ಮಾನಕವಿದೆ. ಅದು ಹೈದರಾಬಾದಿಗೆ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ 158 ಕಿಲೋಮೀಟರ್ ವೇಗವನ್ನು ಹಿಡಿಯಲು ಹೇಳುತ್ತದೆ. ಅಂಥ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 118 ಕಿಲೋ ಒತ್ತಡ ಹಾಕುತ್ತದೆ. ಒಂದು ಫಲಕದ ಹರವು ಎರಡೂವರೆ ಚದರ ಮೀಟರಿಗೂ ತುಸು ಹೆಚ್ಚು. ಹಾಗಾಗಿ 28 ಕಿಲೋ ತೂಗುವ ವಸ್ತುವನ್ನು 300 ಕಿಲೋ ಬಲ ಕೆಳಗಿನಿಂದ ಎತ್ತಬಹುದು. ಆರು ಫಲಕಕ್ಕೆ 1,800 ಕಿಲೋ.

ನಾವೇ ಒಮ್ಮೆ ಇದರಲ್ಲಿ ಮೋಸ ಹೋದೆವು. ಕೂರಿಸಿಕೊಟ್ಟವರು ಆರು ಫಲಕಗಳ ಚೌಕಟ್ಟಿನ ನಾಲ್ಕು ಕಾಲಿಗೂ ಒಂದೊಂದು ಅಡಿಯ ಸಿಮೆಂಟ್ ಗುಂಡು ಎರೆದು, ಸ್ಲ್ಯಾಬಿನ ಮೇಲೆ ಸುಮ್ಮನೆ ಇಟ್ಟು ಹೋದರು. ಒಂದು ಗುಂಡು 68 ಕಿಲೋ. ನಾಲ್ಕು ಗುಂಡು, ಆರು ಫಲಕ ಎಲ್ಲ ಸೇರಿದರೂ 450 ಕಿಲೋ ಮುಟ್ಟುವುದಿಲ್ಲ. ಮೇ ತಿಂಗಳ ಒಂದು ಸಂಜೆಯ ಬಿರುಗಾಳಿಗೆ ಹಿಂದಿನ ಕಾಲುಗಳು ಎದ್ದು ಕುಕ್ಕಿದವು, ಒಂದು ಗಾಜು ಒಡೆಯಿತು. ಪುಣ್ಯಕ್ಕೆ ಕೆಳಗೆ ಅಂಗಳದಲ್ಲಿ ಮಕ್ಕಳಿರಲಿಲ್ಲ. ಗುಂಡನ್ನು ಸ್ಲ್ಯಾಬಿಗೆ ಬೋಲ್ಟ್ ಹಾಕಿ ಬಿಗಿಯಬೇಕು, ರಂಧ್ರ ಕೊರೆದ ಕಡೆ ನೀರು ಇಳಿಯದಂತೆ ಮುಚ್ಚಬೇಕು. "ಭಾರ ಇದೆ, ಎಲ್ಲೂ ಹೋಗೋದಿಲ್ಲ" ಎಂಬ ಮಾತನ್ನು ಒಪ್ಪಬೇಡಿ.

ಇದೆಲ್ಲ ಆರ್‌ಸಿಸಿ ಮನೆಗೆ ಆಯಿತು. ನಮ್ಮ ಹಳ್ಳಿಗಳಲ್ಲಿ ಜಂತಿಯ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆಗಳು, ಬಂಡೆ ಹಾಸಿದ ಮನೆಗಳು ಇನ್ನೂ ಇವೆ. ಅವುಗಳಲ್ಲಿ ಬೋಲ್ಟ್ ಹಿಡಿಯುವಂಥದ್ದು ಏನೂ ಇರುವುದಿಲ್ಲ. ಅಂಥವರು ಅಂಗಳದಲ್ಲೋ ಹಿತ್ತಲಲ್ಲೋ ನೆಲದಿಂದಲೇ ಕಂಬ ಎತ್ತಿಸುವುದು ಮೇಲು. ಕಬ್ಬಿಣದ ತಗಡಿನ ಮನೆಯಾದರೆ ತಗಡಿಗಲ್ಲ, ಅದರ ಕೆಳಗಿನ ಅಡ್ಡ ಪಟ್ಟಿಗೆ ಹಿಡಿಕೆ ಸಿಗಬೇಕು. ತಗಡಿಗೂ ಫಲಕಕ್ಕೂ ನಡುವೆ ನಾಲ್ಕು ಬೆರಳಾದರೂ ಜಾಗ ಬಿಟ್ಟರೆ ಗಾಳಿ ಆಡುತ್ತದೆ. ನಮ್ಮ ಬೇಸಿಗೆಯಲ್ಲಿ ಫಲಕ 65 ಡಿಗ್ರಿಗೆ ಕಾದರೆ, 25 ಡಿಗ್ರಿಯಲ್ಲಿ ಕೊಡುವ ವಿದ್ಯುತ್ತಿಗಿಂತ ನೂರಕ್ಕೆ 14-15 ಪಾಲು ಕಡಿಮೆ ಕೊಡುತ್ತದೆ. ಹಳೆಯ ಕಲ್ನಾರಿನ ಸಿಮೆಂಟ್ ಶೀಟುಗಳಿಗೆ ಮಾತ್ರ ಡ್ರಿಲ್ ಹಾಕಿಸಲೇಬೇಡಿ. ಅವು ಮಂದಿಯ ಭಾರಕ್ಕೆ ಮುರಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಕೊರೆದಾಗ ಏಳುವ ಧೂಳಿನ ಎಳೆಗಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಎಷ್ಟೋ ವರ್ಷಗಳ ನಂತರ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಹುದು.

ಎತ್ತರದ ಪ್ರಶ್ನೆ ಮನೆಯ ಹೆಂಗಸರದು, ಅವರನ್ನು ಕೇಳಿಯೇ ತೀರ್ಮಾನಿಸಬೇಕು. ಮೆಣಸಿನಕಾಯಿ, ತೊಗರಿ ಒಣಗಿಸುವುದು, ಬೇಸಿಗೆ ರಾತ್ರಿ ಮಲಗುವುದು ಎಲ್ಲ ಮಾಳಿಗೆಯ ಮೇಲೆಯೇ. ಏಳೆಂಟು ಅಡಿ ಎತ್ತರದ ಚೌಕಟ್ಟು ಹಾಕಿಸಿದರೆ ಕೆಳಗೆ ಓಡಾಡಬಹುದು, ಆದರೆ ಕಬ್ಬಿಣ ಹೆಚ್ಚು, ಗಾಳಿಯ ಹೊಡೆತ ಹೆಚ್ಚು, ಕಾಲುಗಳ ನಡುವೆ ಓರೆ ಪಟ್ಟಿಗಳು ಬೇಕೇ ಬೇಕು. ಸಹಾಯಧನ ಕಿಲೋವ್ಯಾಟ್ ಲೆಕ್ಕದ್ದು, ಎತ್ತರಕ್ಕೆಂದು ಹೆಚ್ಚು ಸಿಗದು. ಮಾಳಿಗೆ ಅಗಲವಿದ್ದರೆ ತಗ್ಗಿನ ಚೌಕಟ್ಟೇ ಸಾಕೆಂದು ನಮ್ಮ ಅನಿಸಿಕೆ.

ಕಬ್ಬಿಣ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಅಂಗಡಿಯಲ್ಲಿ ಸಿಗುವ ತೆಳು ಜಿಪಿ ಪೈಪಿನ ಮೇಲಿನ ಸತುವಿನ ಪದರ ಸಾಮಾನ್ಯವಾಗಿ ಎಂಟು ಮೈಕ್ರಾನ್ ಸುಮಾರಿಗೆ ಇರುತ್ತದೆ. ಕತ್ತರಿಸಿ, ತೂತು ಹಾಕಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣಕ್ಕೆ 80 ಮೈಕ್ರಾನ್ ಪದರ ಹಿಡಿಸಬಹುದು, ಅಂದರೆ ಹತ್ತು ಪಟ್ಟು. ಇದು ನೋಡಲು ಮಂಕು ಬೂದಿ ಬಣ್ಣ. ಎಷ್ಟು ಮೈಕ್ರಾನ್ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮಾಳಿಗೆಯ ಮೇಲೆ ನಿಂತು ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗಿ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ಜೋಡಣೆ ಬೋಲ್ಟಿನದೇ ಆಗಲಿ, ಬೋಲ್ಟು ಸ್ಟೇನ್‌ಲೆಸ್ ಇರಲಿ.

ಓರೆ ಎಷ್ಟಿರಬೇಕು? ನಮ್ಮ ಮೂರೂ ಊರುಗಳು 16 ಮತ್ತು 17ನೆಯ ಅಕ್ಷಾಂಶಗಳ ನಡುವೆ ಇವೆ. ದಕ್ಷಿಣಕ್ಕೆ ಮುಖ ಮಾಡಿ ಹದಿನೈದರಿಂದ ಹದಿನೇಳು ಡಿಗ್ರಿ ಇಟ್ಟರೆ ಸರಿ. ಹತ್ತಕ್ಕಿಂತ ಕಡಿಮೆಯಾದರೆ ಧೂಳು ಜಾರುವುದಿಲ್ಲ. ನೀರಿನ ಟ್ಯಾಂಕು, ಬೇವಿನ ಮರ ನೋಡಿಕೊಳ್ಳಿ: ಐದು ಅಡಿ ಟ್ಯಾಂಕಿನ ನೆರಳು ಡಿಸೆಂಬರಿನಲ್ಲಿ ಬೆಳಗ್ಗೆ 9 ಗಂಟೆಗೆ ಎಂಟು ಅಡಿ ದಾಟುತ್ತದೆ.

ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ಗಂಟೆ ಉಚಿತ ವಿದ್ಯುತ್ ಯೋಜನೆ ಇರುವುದರಿಂದ ಸೌರ ಪಂಪಿನ ಕಡೆ ನಮ್ಮ ರೈತರು ಅಷ್ಟಾಗಿ ಹೋಗಿಲ್ಲ. ಗಡಿಯಾಚೆ ರಾಯಚೂರು, ಯಾದಗಿರಿ ಕಡೆ ಹೊಲ ಇದ್ದವರು ಕೇಳುವುದುಂಟು. ಮಸಾರಿ ಭೂಮಿಯಲ್ಲಿ ಕಂಬ ನಿಲ್ಲಿಸುವುದು ಸುಲಭ. ಎರೆ ಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಎರಡು ಅಡಿ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಎರಡು ವರ್ಷದಲ್ಲಿ ವಾಲುತ್ತದೆ. ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ತಳಪಾಯ ಹೋಗಬೇಕು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬವನ್ನು ಬಳಕೆಗೆ ತಂದಿದೆ. ಗಡ್ಡೆ ಇರುವ ಕಂಬವನ್ನು ಗಾಳಿ ಕೀಳಲಾರದು, ನೆಲ ಎತ್ತಲಾರದು.

ಚೌಕಟ್ಟಿಗೆ ಅರ್ಥಿಂಗ್ ತಂತಿ ಇಲ್ಲದೆ ಹಣ ಪೂರ್ತಿ ಕೊಡಬೇಡಿ. ಮನೆಯ ಕರೆಂಟು ಹೋಗಿದ್ದರೂ ಬಿಸಿಲಿರುವಾಗ ಫಲಕದ ತಂತಿಯಲ್ಲಿ ವಿದ್ಯುತ್ ಇರುತ್ತದೆ, ತಂತಿಯ ಸಿಪ್ಪೆ ಸುಲಿದು ಚೌಕಟ್ಟಿಗೆ ತಾಗಿದರೆ ಒದ್ದೆ ಬಟ್ಟೆ ಒಣಹಾಕಲು ಬಂದವರು ಅದನ್ನೇ ಮುಟ್ಟುತ್ತಾರೆ. ಫಲಕ ತೊಳೆಯುವುದು ಹೊತ್ತು ಏರುವ ಮುಂಚೆಯೇ ಆಗಲಿ. ಮೇ ತಿಂಗಳು ಬರುವ ಮೊದಲು ಒಮ್ಮೆ ಮೇಲೆ ಹತ್ತಿ ಬೋಲ್ಟುಗಳನ್ನು ಪಾನಾ ಹಾಕಿ ನೋಡಿ, ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲಿ.