ಕೌದಿ ಕಲಿಯುವುದು ಹೇಗೆ?

ಪ್ರಶ್ನೆ: ಸಿದ್ದಿ ಸಮುದಾಯದ ಮಹಿಳೆಯರ ಕೌದಿ (ಬಟ್ಟೆ ತುಂಡುಗಳ ಹೊದಿಕೆ) ಹೊಲಿಗೆಯನ್ನು ಹೊಸಬರು ಹೇಗೆ ಕಲಿಯುತ್ತಾರೆ?

ಉತ್ತರ: ಹಿರಿಯರ ಪಕ್ಕದಲ್ಲಿ ಕೂತು, ಅವರ ಕೈ ನೋಡಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮನೆಗಳಲ್ಲಿ ಇದಕ್ಕೆ ಕಾಗದದ ನಕ್ಷೆ ಬೇಕಿಲ್ಲ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತುಂಡು ಕೂಡಿಸುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಪ್ರತಿ ತುಂಡಿನ ಅಂಚನ್ನೂ ಬೆರಳಲ್ಲೇ ಒಳಕ್ಕೆ ಮಡಚಿ, ಒತ್ತಿ ಹಿಡಿದು, ಅದರ ಮೇಲೆ ಸೂಜಿ ಓಡಿಸಬೇಕು. ಹೊಸಬರ ಕೈ ತಡವರಿಸುವುದು ಇಲ್ಲೇ. ದಾರ ಬಿಗಿಯಾದರೆ ಬಟ್ಟೆ ಮುದುಡುತ್ತದೆ, ಸಡಿಲಾದರೆ ತುಂಡು ಜೋಲುತ್ತದೆ. ಆ ಹದ ಮಾತಿನಲ್ಲಿ ಹೇಳಿದರೆ ಬರುವುದಲ್ಲ, ನಾಲ್ಕು ಸಾಲು ಬಿಚ್ಚಿ ಮತ್ತೆ ಹೊಲಿದರೇ ಬರುವುದು. ಕೊನೆಗೆ ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’, ಅಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.