ಒತ್ತು ಕಳಚಿದ ಬಟನ್

ಬಟನ್ ಮೇಲೆ ‘ಒಪ್ಪಿಗೆ’ ಎಂದು ಬರೆದಿದ್ದೆ. ಅಮ್ಮನ ಫೋನಿನಲ್ಲಿ ಕಂಡದ್ದು ‘ಒಪಿಗೆ’. ಕನ್ನಡಕ ಹುಡುಕುವ ರೇಜಿಗೆ ಬೇಡವೆಂದು ಅವಳು ಅಕ್ಷರದ ಗಾತ್ರ ಹಿಗ್ಗಿಸಿಕೊಂಡಿದ್ದಾಳೆ. ಬಟನ್ನಿನ ಎತ್ತರ ಮಾತ್ರ 36 ಎಂದು ನಾನೇ ಬಿಗಿದಿದ್ದೆ. ಪಕಾರದ ಒತ್ತು ಕೆಳ ಅಂಚಿಗೆ ಸಿಕ್ಕಿ ಮಾಯವಾಗಿತ್ತು. ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ ಕನ್ನಡಕ್ಕೆ ಹಿಡಿಯಲಿಲ್ಲ.

ಅಳತೆ ಬಿಗಿಯುವ ಈ ಚಾಳಿ ಹಳೆಯದು. 2007ರ ಮೊದಲ ಐಫೋನಿನ ಪರದೆ 320 ಅಗಲ, 480 ಎತ್ತರ. ಯಾವುದು ಎಲ್ಲಿ ಕೂರಬೇಕೆಂದು ಅಂಕಿ ಬರೆದಿಟ್ಟರೂ ಕೆಲಸ ನಡೆಯುತ್ತಿತ್ತು. 2012ರಲ್ಲಿ ಐಫೋನ್ 5 ಉದ್ದವಾಯಿತು. ಅದೇ ವರ್ಷ ಐಫೋನಿಗೆ ಆಟೋ ಲೇಔಟ್ ಬಂತು. ‘ಇದು ಅದರ ಕೆಳಗೆ, 8ರ ಅಂತರದಲ್ಲಿ’ ಎಂದು ಸಂಬಂಧ ಹೇಳಿದರೆ ಲೆಕ್ಕವನ್ನು ಅದೇ ಬಿಡಿಸುತ್ತದೆ. ಅದರ ಹಿಂದಿರುವುದು 1990ರ ದಶಕದ ಕ್ಯಾಸೊವರಿ ಎಂಬ ಗಣಿತ ವಿಧಾನ. ಹಾರಲಾರದ ಹಕ್ಕಿಯೊಂದರ ಹೆಸರು. ಇಷ್ಟು ದೂರ ಬಂದದ್ದು ಸೋಜಿಗವೇ. ಷರತ್ತುಗಳು ಒಂದಕ್ಕೊಂದು ಅಡ್ಡಬಂದರೆ ಆಟೋ ಲೇಔಟ್ ಒಂದನ್ನು ಕೈಬಿಟ್ಟು, ಲಾಗ್‌ನಲ್ಲಿ ಉದ್ದನೆಯ ದೂರು ಬರೆದಿಡುತ್ತದೆ. ಅದನ್ನು ಓದುವ ತಾಳ್ಮೆ ಇಲ್ಲದವರಿಗೆ ಆಟೋ ಲೇಔಟ್ ಹೇಳಿಸಿದ್ದಲ್ಲ.

ಆಂಡ್ರಾಯ್ಡ್ ಪಾಡು ಬೇರೆ. ಅಲ್ಲಿ ಕೈಗೊಂದು ಗಾತ್ರದ ಫೋನು. ಭಾಗಗಳನ್ನು ಸಾಲಾಗಿ ಜೋಡಿಸುವ ಲೀನಿಯರ್‌ಲೇಔಟ್‌ನೊಳಗೆ ಲೀನಿಯರ್‌ಲೇಔಟ್ ತುರುಕಿ, ಉಳಿದ ಜಾಗವನ್ನು ವೆಯ್ಟ್ ಕೊಟ್ಟು ಹಂಚುತ್ತಿದ್ದೆವು. ಹಾಗೆ ಹಂಚಲು ಪ್ರತಿ ಹಂತವೂ ತನ್ನೊಳಗಿನ ಭಾಗಗಳನ್ನು, ಅಂದರೆ ತನ್ನ ‘ಮಕ್ಕಳನ್ನು’, ಎರಡೆರಡು ಸಲ ಅಳೆಯಬಹುದು. ನಾಲ್ಕು ಹಂತ ಇಳಿದರೆ ತಳದಲ್ಲಿರುವ ಪುಟ್ಟ ಪದ 16 ಸಲ ಅಳತೆಗೆ ನಿಲ್ಲಬೇಕಾದೀತು. ಪಟ್ಟಿ ಸರಿಸುವಾಗ ಪರದೆ ತಡವರಿಸಲು ಇದೂ ಒಂದು ಕಾರಣ. 2016ರಲ್ಲಿ ಗೂಗಲ್ ತೋರಿಸಿದ ಕನ್‌ಸ್ಟ್ರೇಂಟ್‌ಲೇಔಟ್ ಈ ಮೆಟ್ಟಿಲುಗಳನ್ನೆಲ್ಲ ಒಂದೇ ನೆಲಕ್ಕೆ ಇಳಿಸಿತು. ಅಲ್ಲೂ ಅದೇ ಕ್ಯಾಸೊವರಿ.

ಪರದೆ ಕಟ್ಟಲು ಗೂಗಲ್ ಆಮೇಲೆ ತಂದ, 2021ರಲ್ಲಿ 1.0 ಆದ ಜೆಟ್‌ಪ್ಯಾಕ್ ಕಂಪೋಸ್ ಇನ್ನೂ ಕಟ್ಟುನಿಟ್ಟು: ಒಂದು ಸುತ್ತಿನಲ್ಲಿ ಮಗುವನ್ನು ಒಮ್ಮೆ ಮಾತ್ರ ಅಳೆಯಬೇಕು, ಎರಡನೇ ಸಲ ಹೋದರೆ ದೋಷ ತೋರಿಸಿ ನಿಲ್ಲುತ್ತದೆ. ಹಾಗಾಗಿ ಕಾಲಮ್‌ನೊಳಗೆ ರೋ, ರೋ ಒಳಗೆ ಕಾಲಮ್ ಎಂದು ಪೇರಿಸಿದರೂ ಹಿಂದಿನ ದಂಡ ತೆರಬೇಕಿಲ್ಲ. ಹೊಸ ಆಂಡ್ರಾಯ್ಡ್ ಆ್ಯಪ್ ಆದರೆ ನಾನು ಎರಡನೇ ಯೋಚನೆಯಿಲ್ಲದೆ ಇದನ್ನೇ ಹಿಡಿಯುತ್ತೇನೆ. ನಡೆಯುತ್ತಿರುವ ಹಳೆಯ ಆ್ಯಪನ್ನು ಫ್ಯಾಷನ್ನಿಗಾಗಿ ಬಿಚ್ಚಿ ಹೊಲಿಯುವುದು ಮಾತ್ರ ನನಗೆ ಒಗ್ಗದು. ಅಲ್ಲಿ ಕನ್‌ಸ್ಟ್ರೇಂಟ್‌ಲೇಔಟ್ ಇನ್ನೂ ಗಟ್ಟಿಮುಟ್ಟಾಗಿದೆ.

ಆದರೆ ಅಮ್ಮನ ಬಟನ್ನನ್ನು ಇವ್ಯಾವುವೂ ತಾವಾಗಿ ಕಾಪಾಡವು. ಎತ್ತರ 36 ಎಂದು ಬಿಗಿದರೆ ಕಂಪೋಸ್ ಕೂಡ ವಿಧೇಯವಾಗಿ ಒತ್ತು ಕತ್ತರಿಸುತ್ತದೆ. ಅಕ್ಷರದ ಮೇಲೆ ಕೆಳಗೆ ಆಂಡ್ರಾಯ್ಡ್ ಬಿಡುವ ಫಾಂಟ್ ಪ್ಯಾಡಿಂಗನ್ನು ಅಂದಕ್ಕೆಂದು ತೆಗೆದುಬಿಡುವ ವಿನ್ಯಾಸಕಾರರೂ ಇದ್ದಾರೆ. ‘ರಾಷ್ಟ್ರ’ ಎಂಬ ಪದವನ್ನು ಅವರು ಒಮ್ಮೆ ಟೈಪಿಸಿ ನೋಡಬೇಕು.

ನಾನು 36 ಅಳಿಸಿ ಕನಿಷ್ಠ 48 ಎಂದಷ್ಟೇ ಬರೆದೆ, ಮೇಲಕ್ಕೆ ಮಿತಿ ಇಡಲಿಲ್ಲ. ಪಕಾರ ಒತ್ತಿನ ಸಮೇತ ಕೂತಿತು. ಅಮ್ಮನಿಗೆ ತೋರಿಸಿದರೆ, “ಮೊದಲು ಒತ್ತು ಇಲ್ಲದಿದ್ದರೂ ಒತ್ತುತ್ತಿದ್ದೆನಲ್ಲೋ” ಅಂದಳು.