ಬಿ.ಎಸ್ಸಿ. ಅಂಕ ಕಡಿಮೆ, ಡಾಕ್ಟರ್ ಆಗಬಹುದೇ?

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ ನನ್ನ ಅಂಕ ತೀರಾ ಕಡಿಮೆ. ಮಂಡ್ಯದ ಮಿಮ್ಸ್‌ನಲ್ಲಿ ಎಂ.ಬಿ.ಬಿ.ಎಸ್. ಓದುವ ಆಸೆ ಬಿಡಬೇಕೇ?
– ಓದುಗರು, ಮಳವಳ್ಳಿ

ಉತ್ತರ: ಖಂಡಿತ ಬಿಡಬೇಡಿ. ಅಮೆರಿಕದಲ್ಲಿ ವೈದ್ಯಕೀಯ ಸೀಟಿಗೆ ಪದವಿಯ ಅಂಕಗಳನ್ನೂ ತೂಗಿ ನೋಡುತ್ತಾರೆ. ನಮ್ಮಲ್ಲಿ ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪದವಿ ಅಂಕಪಟ್ಟಿ ನೋಡಿಕೊಂಡು ಕೈಚೆಲ್ಲುವವರನ್ನು ಕಂಡರೆ ಅದಕ್ಕೇ ಸಂಕಟವಾಗುತ್ತದೆ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಪಾಸಾಗಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ. 50 ಅಂಕ ಇರಬೇಕು. ಮೀಸಲಾತಿ ವರ್ಗಗಳಿಗೆ ಶೇ. 40 ಸಾಕು. ಗರಿಷ್ಠ ವಯೋಮಿತಿ 2022ರಲ್ಲೇ ಹೋಯಿತು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಮೀಸಲಾತಿಯೂ ಉಂಟು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಬಿ.ಇ.ಓ. ಮೇಲುಸಹಿ ಈಗಲೇ ಹಾಕಿಸಿಡಿ.